ನಯನ ಆಡಿದ ಹತ್ತೊಂಬತ್ತು ನಿಮಿಷ

ಹಲಗೂರಿನ ನಮ್ಮ ಪ್ರೌಢಶಾಲೆಗೆ ನಯನ ದೈಹಿಕ ಶಿಕ್ಷಕಿಯಾಗಿ ಬಂದ ದಿನ ಮುಖ್ಯೋಪಾಧ್ಯಾಯರು ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು, "ಇವರು ಇಂಡಿಯಾ ಟೀಮಿಗೆ ಫುಟ್‌ಬಾಲ್ ಆಡಿದ್ದಾರೆ" ಎಂದು ಪರಿಚಯ ಮಾಡಿಕೊಟ್ಟರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೆ ಕಾದು ಅವಳು ಹೇಳಿದ್ದು ಇಷ್ಟೇ: "ಒಂದೇ ಮ್ಯಾಚು ಸರ್. ಅದೂ ಹತ್ತೊಂಬತ್ತು ನಿಮಿಷ. ಅದೂ ಫ್ರೆಂಡ್ಲಿ."

ನಾನು ರಾಮಾನುಜ, ಇಲ್ಲಿ ಗಣಿತದ ಮೇಷ್ಟ್ರು. ನಯನ ನನ್ನ ಮಗಳ ವಯಸ್ಸಿನವಳಾದ್ದರಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ. ಫುಟ್‌ಬಾಲನ್ನು ನಾನು ಜೀವನದಲ್ಲಿ ಒಂದು ದಿನವೂ ಕಾಲಲ್ಲಿ ಒದ್ದವನಲ್ಲ. ಆದರೆ ಮೂವತ್ತು ವರ್ಷದಿಂದ ಟಿ.ವಿ.ಯಲ್ಲಿ ನೋಡಿಕೊಂಡು ಬಂದಿದ್ದೇನೆ, ಅಭಿಪ್ರಾಯಗಳಿಗೇನೂ ಕೊರತೆಯಿಲ್ಲ. ನಯನಳ ಗಂಡ ಶಶಿಧರ್ ಮಳವಳ್ಳಿಯಲ್ಲಿ ಕರೆಂಟಿನವರ ಲೈನ್‌ಮ್ಯಾನ್. ನನ್ನ ಮನೆಯೂ ಮಳವಳ್ಳಿಯಲ್ಲೇ. ಹಾಗಾಗಿ ಬೆಳಿಗ್ಗೆ ಇಬ್ಬರಿಗೂ ಒಂದೇ ಬಸ್ಸು. ಆ ಬಸ್ಸಿನಲ್ಲಿ ಮೊದಲ ವಾರವೇ ನಾನು ಅವಳಿಗೆ ನನ್ನ ಸಿದ್ಧಾಂತ ಹೇಳಿಬಿಟ್ಟೆ.

"ನೋಡಮ್ಮ, ಫ್ರೆಂಡ್ಲಿ ಅನ್ನೋದು ಪೂರ್ವಸಿದ್ಧತಾ ಪರೀಕ್ಷೆ ಇದ್ದ ಹಾಗೆ. ವಿಶ್ವಕಪ್ಪು, ಏಷ್ಯಾ ಕಪ್ಪು ಇವೆಲ್ಲ ಪಬ್ಲಿಕ್ ಪರೀಕ್ಷೆ. ಅಂಕಪಟ್ಟಿಗೆ ಬರೋದು ಎರಡನೇದೇ. ಫ್ರೆಂಡ್ಲೀಲಿ ಒಳ್ಳೆ ಆಟಗಾರರನ್ನ ಕೂರಿಸ್ತಾರೆ, ಅರ್ಧ ತಂಡಾನೇ ಬದಲಾಯಿಸ್ತಾರೆ, ರ‍್ಯಾಂಕಿಂಗಿನಲ್ಲೂ ಅದಕ್ಕೆ ತೂಕ ಕಮ್ಮಿ."

ನಯನ ಕಿಟಕಿಯಾಚೆ ನೋಡುತ್ತಾ ನಕ್ಕಳು. "ಆ ಅರ್ಧ ತಂಡ ಬದಲಾಯಿಸಿದ್ರಲ್ಲ ಸರ್, ಅದ್ರಲ್ಲಿ ಒಬ್ಳು ನಾನು."

ಅವಳ ಕಥೆ ನನಗೆ ಒಂದೇ ದಿನ ಸಿಕ್ಕಿದ್ದಲ್ಲ, ಬಸ್ಸಿನಲ್ಲಿ ಕೂತಾಗಲೆಲ್ಲ ಅಷ್ಟಷ್ಟೇ ಸಿಕ್ಕಿದ್ದು.

ಅವಳ ತವರು ಯಲಿಯೂರು. ತಂದೆ ಪುಟ್ಟಸ್ವಾಮಿ ಕಬ್ಬು, ಭತ್ತ ಬೆಳೆಯುವ ರೈತರು. ಏಳನೇ ತರಗತಿಯಲ್ಲಿದ್ದಾಗ ಓಟದಲ್ಲಿ ಇವಳನ್ನು ಯಾರೂ ಹಿಡಿಯುವಂತಿರಲಿಲ್ಲ. ಅದನ್ನು ಕಂಡ ಯಾರೋ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕಳಿಸಿದರು. ಅಲ್ಲಿ ಓಟಕ್ಕೆ ಜಾಗವಿರಲಿಲ್ಲ, ಫುಟ್‌ಬಾಲಿಗೆ ಇತ್ತು. ಹೀಗೆ ಚೆಂಡು ಅವಳ ಕಾಲಿಗೆ ಬಂತು. ಬೆಂಗಳೂರಿನ ಹಾಸ್ಟೆಲಿಗೆ ಬಿಡಲು ಹೋದ ಪುಟ್ಟಸ್ವಾಮಿಯವರು ಒಂದು ಡಬ್ಬ ಕಡ್ಲೆ ಉಂಡೆ ಕೈಗಿಟ್ಟು, "ಇಷ್ಟ ಆಗ್ನಿಲ್ಲ ಅಂದ್ರೆ ಪೋನ್ ಮಾಡವ್ವ, ಸಿಕ್ಕಿದ್ ರೈಲ್ಗೆ ಬತ್ತೀನಿ" ಎಂದಿದ್ದರಂತೆ. ಫೋನ್ ಮಾಡಿದರೆ ಎಲ್ಲಿ ನಿಜವಾಗಿ ಬಂದು ಕರೆದುಕೊಂಡು ಹೋಗಿಬಿಡುತ್ತಾರೋ ಎಂಬ ಭಯಕ್ಕೆ ಅವಳು ಒಂದು ತಿಂಗಳು ಫೋನೇ ಮಾಡಲಿಲ್ಲ.

ಇಪ್ಪತ್ತೊಂದನೇ ವಯಸ್ಸಿನಲ್ಲಿ ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂತು. ಅಲ್ಲಿಂದ ಏಷ್ಯಾ ಮಟ್ಟದ ಒಂದು ಅರ್ಹತಾ ಟೂರ್ನಿಗೆ ಹೊರಟ ಇಪ್ಪತ್ಮೂರು ಹುಡುಗಿಯರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಯಲಿಯೂರಿನ ಹಾಲಿನ ಡೈರಿ ಮುಂದೆ ಒಂದು ಮೊಬೈಲನ್ನು ಕ್ಯಾನಿಗೆ ಒರಗಿಸಿಟ್ಟು ಊರವರೆಲ್ಲ ಮೂರು ಪಂದ್ಯವನ್ನೂ ನೋಡಿದರು. ಮೂರರಲ್ಲೂ ನಯನ ಬೆಂಚಿನ ಮೇಲಿದ್ದಳು. ಎರಡರಲ್ಲಿ ಸೋಲು, ಒಂದರಲ್ಲಿ ಸಮ. ಅಷ್ಟು ಹೊತ್ತಿನಲ್ಲಿ ಅವಳು ಪರದೆಯ ಮೇಲೆ ಕಂಡದ್ದು ಒಂದು ಸಲ, ಬಾಟಲಿಯಿಂದ ನೀರು ಕುಡಿಯುವಾಗ.

"ಪುಟ್ಸಾಮಣ್ಣ, ನೀರ್ ಕುಡ್ಯಕ್ಕೆ ಅಷ್ಟ್ ದೂರ ಓಗವ್ಳಾ ನಿನ್ ಮಗ್ಳು?" ಎಂದು ಯಾರೋ ಕೇಳಿದರಂತೆ.

"ಅವ್ಳ್ ಕುಡುದ್ ನೀರ್ನೂ ಟಿ.ವೀಲಿ ತೋರ್ಸ್ತಾವ್ರೆ ಕಣ್ಲಾ. ನೀನ್ ಕುಡುದ್ರೆ ತೋರ್ಸ್ತಾರಾ?" ಎಂದರಂತೆ ಪುಟ್ಟಸ್ವಾಮಿ.

ಎಂಟು ತಿಂಗಳ ನಂತರ ಒಂದು ಸ್ನೇಹಪಂದ್ಯ ನಡೆಯಿತು. ಎದುರಾಳಿಗಳು ನಮ್ಮಷ್ಟೇ ಕೆಳಗಿನ ರ‍್ಯಾಂಕಿನ ಒಂದು ಪುಟ್ಟ ದೇಶದವರು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಟಿ.ವಿ. ಇಲ್ಲ, ಮೊಬೈಲಿನಲ್ಲೂ ಪ್ರಸಾರವಿಲ್ಲ. ಗ್ಯಾಲರಿಯಲ್ಲಿ ಬಸ್ಸಿನಲ್ಲಿ ಕರೆತಂದ ಎರಡು ಶಾಲೆಯ ಮಕ್ಕಳು, ನಾಲ್ಕೈದು ಪೊಲೀಸರು, ಕಂಬಿಗಳಿಗೆ ಬಣ್ಣ ಬಳಿಯುತ್ತಿದ್ದ ಇಬ್ಬರು. ಎಪ್ಪತ್ತೊಂದನೇ ನಿಮಿಷಕ್ಕೆ ಕೋಚ್ ಇವಳ ಕಡೆ ಬೆರಳು ತೋರಿಸಿದರು. ಮೊದಲ ಸಲ ಕಾಲಿಗೆ ಬಂದ ಚೆಂಡು ನೇರವಾಗಿ ಗೆರೆ ದಾಟಿ ಹೊರಗೆ ಹೋಯಿತು. ಬಣ್ಣ ಬಳಿಯುತ್ತಿದ್ದವನೊಬ್ಬ ಅದನ್ನು ಎತ್ತಿ ಒಳಗೆಸೆದ. ಎರಡನೇ ಸಲವೂ ತಪ್ಪಿತು. ಮೂರನೇ ಸಲ ಎದುರಾಳಿಯ ಕಾಲಿನಿಂದಲೇ ಚೆಂಡು ಕಿತ್ತುಕೊಂಡು ಬಲಕ್ಕೆ ಕೊಟ್ಟಳು. ಅದು ಅಲ್ಲಿಂದ ಗೋಲಿನ ಮುಂದಕ್ಕೆ ಹೋಗಿ ಇನ್ನೊಬ್ಬಳ ತಲೆಗೆ ತಾಗಿ ಬಲೆಯೊಳಗೆ ಬಿತ್ತು. ಪಂದ್ಯ ಎರಡು ಎರಡು ಸಮವಾಯಿತು.

ಅಂದು ಸಂಜೆ ತಂದೆಗೆ ಫೋನ್ ಮಾಡಿದಳು.

"ಆಡುದ್ಯಾ?" ಎಂದರು ಪುಟ್ಟಸ್ವಾಮಿ.

"ಆಡ್ದೆ ಕಣಪ್ಪ."

"ಓಡುದ್ಯಾ?"

"ಊಂ, ಬೋ ಓಡ್ದೆ."

"ಸಾಕ್ ಬುಡು."

ಮುಂದಿನ ಶಿಬಿರಕ್ಕೆ ಮೊದಲೇ ರಾಜ್ಯದ ಪಂದ್ಯವೊಂದರಲ್ಲಿ ಅವಳ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು, ಗುಣವಾಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಕೊರಗಿದೆಯೇನಮ್ಮ ಎಂದು ಕೇಳಿದೆ. "ಆರು ತಿಂಗ್ಳು ಕೊರಗಿದೆ ಸರ್. ಆಮೇಲೆ ಬಿ.ಪಿ.ಎಡ್. ಪರೀಕ್ಷೆ ಹತ್ರ ಬಂತು, ಓದೋದಿತ್ತು" ಎಂದಳು.

ಶಾಲೆಗೆ ಬಂದ ಮೊದಲ ವರ್ಷ ನಯನ ಹದಿನಾರು ಹುಡುಗಿಯರ ತಂಡ ಕಟ್ಟಿದಳು. ಎರಡು ತಿಂಗಳು ಬೆಳಿಗ್ಗೆ, ಸಂಜೆ ಅಭ್ಯಾಸ ನಡೆಯಿತು. ತಾಲ್ಲೂಕು ಪಂದ್ಯಾವಳಿ ಮಳವಳ್ಳಿಯಲ್ಲಿ. ಸೋತರೆ ಮನೆಗೆ ಎಂಬ ಪದ್ಧತಿ. ನಮ್ಮವರು ಮೊದಲ ಪಂದ್ಯದಲ್ಲೇ ಒಂದು ಗೋಲಿನಿಂದ ಸೋತರು. ಎರಡು ತಿಂಗಳ ತಯಾರಿ ನಲವತ್ತು ನಿಮಿಷಕ್ಕೆ ಮುಗಿಯಿತು. ಗೆಲ್ಲುವ ಆಸೆಯಲ್ಲಿ ನಯನ ಒಬ್ಬಳನ್ನೂ ಬದಲಿಸಿರಲಿಲ್ಲ. ಬಸ್ಸಿನಲ್ಲಿ ವಾಪಸಾಗುವಾಗ ಒಂಬತ್ತನೇ ತರಗತಿಯ ದೀಪಿಕ ಎಂಬ ಹುಡುಗಿ ಒಂಚೂರೂ ಮಣ್ಣಾಗದ ಜೆರ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸುತ್ತಿದ್ದಳು. ಸರಿಹೋಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಸರ್, ಆ ಟೂರ್ನೀಲಿ ಕೋಚ್ ನನಗೆ ಮಾಡಿದ್ದನ್ನೇ ನಾನು ಈ ಮಗೂಗೆ ಮಾಡ್ದೆ" ಎಂದಳು ನಯನ, ನನಗೆ ಮಾತ್ರ ಕೇಳುವಂತೆ.

ಮಾರನೆಯ ವಾರ ಅವಳು ಮಳವಳ್ಳಿಯ ಶಾಲೆಯೊಂದರ ದೈಹಿಕ ಶಿಕ್ಷಕ ಸಿದ್ದೇಶ್ ಅವರಿಗೆ ಫೋನ್ ಮಾಡಿ, ಶನಿವಾರ ಶಾಲೆ ಬಿಟ್ಟ ಮೇಲೆ ಸ್ನೇಹಪಂದ್ಯ ಆಡೋಣವೇ ಎಂದು ಕೇಳಿದಳು. ಷರತ್ತು ಒಂದೇ: ಬಂದ ಹುಡುಗಿಯರೆಲ್ಲರೂ ಆಡಬೇಕು. ಸಿದ್ದೇಶ್ ಒಪ್ಪಿದರು. ತಿಂಗಳಿಗೆ ಎರಡು ಶನಿವಾರ, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಎಂದಾಯಿತು.

ದೀಪಿಕಳ ಅಜ್ಜಿ ಮಂಚಮ್ಮ ಶಾಲೆಗೇ ಬಂದು ವಿಚಾರಿಸಿದರು. "ಗೆದ್ರೆ ಸರ್ಟಿಪಿಕೇಟ್ ಕೊಟ್ಟಾರಾ ಮೇಡಂ?"

"ಇಲ್ಲ ಕಣಜ್ಜಿ."

"ಕಪ್ಪು?"

"ಅದೂ ಇಲ್ಲ."

"ಮತ್ಯಾಕವ್ವ ಅಷ್ಟ್ ದೂರ ಓಗಿ ಬೆವುರ್ ಸುರ್ಸೋದು?"

"ನೀವೂ ಒಂದಿನ ಬಂದ್ ನೋಡಿ" ಎಂದಳು ನಯನ. ಮಂಚಮ್ಮ ಬಂದರು. ಮೊಮ್ಮಗಳು ಬಿದ್ದಾಗಲೆಲ್ಲ ಮೈದಾನದೊಳಕ್ಕೆ ನುಗ್ಗುತ್ತಿದ್ದ ಅವರನ್ನು ಹಿಡಿದು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಕೆಲವು ಪಂದ್ಯಗಳು ಚೆನ್ನಾಗಿಯೇ ನಡೆದವು. ಆಮೇಲೆ ಸಡಿಲವಾಯಿತು. ಒಂದು ಶನಿವಾರ ಐದು ಒಂದರಿಂದ ಸೋಲುತ್ತಿದ್ದರೂ ನಮ್ಮ ಹುಡುಗಿಯರು ಕಿಲಕಿಲ ನಗುತ್ತಿದ್ದರು. ಗೋಲ್‌ಕೀಪರ್ ಕಂಬಕ್ಕೆ ಒರಗಿ ಹುಣಸೆಕಾಯಿ ಕಡಿಯುತ್ತಿದ್ದಳು. ಆರನೇ ಗೋಲು ಬಿದ್ದಾಗ ಎರಡೂ ತಂಡದವರು ಚಪ್ಪಾಳೆ ತಟ್ಟಿದರು. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

"ನೋಡಿದೆಯಾ?" ಎಂದೆ ನಯನಳಿಗೆ.

ಅವಳು ವಾದಿಸಬಹುದೆಂದುಕೊಂಡಿದ್ದೆ. ವಾದಿಸಲಿಲ್ಲ. "ಒಂದು ನಿಜ ಹೇಳ್ಲಾ ಸರ್? ಆ ಟೂರ್ನೀಲಿ ಬೆಂಚ್ ಮೇಲೆ ಕೂತಿದ್ದಾಗ ನನ್ನೆದೆ ಬಡ್ಕೊಂಡಂಗೆ, ನಾನೇ ಆಡಿದ ಫ್ರೆಂಡ್ಲೀಲಿ ಬಡ್ಕೊಳ್ಳಲಿಲ್ಲ. ಅಲ್ಲಿ ಸೋತಾಗ ನಾನು ಒಂದ್ ಸಲಾನೂ ಚೆಂಡು ಮುಟ್ಟಿರಲಿಲ್ಲ, ಆದ್ರೂ ರೂಮಿಗೆ ಹೋಗಿ ಅತ್ತೆ. ಫ್ರೆಂಡ್ಲೀಲಿ ಸಮ ಆದಾಗ ಐಸ್‌ಕ್ರೀಮ್ ತಿಂದೆ. ನೀವ್ ಹೇಳೋದ್ರಲ್ಲಿ ಸುಳ್ಳಿಲ್ಲ."

"ಹಾಗಾದ್ರೆ ಇದನ್ನ ನಿಲ್ಲಿಸಿಬಿಡು."

"ನಿಲ್ಸಲ್ಲ ಸರ್" ಎಂದು ಸೀಟಿ ಊದಿಕೊಂಡು ಮೈದಾನಕ್ಕೆ ನಡೆದಳು. ಹುಣಸೆಕಾಯಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡಳು. "ಲೇ, ನಗೋದಾದ್ರೆ ನಕ್ಕೊಂಡೇ ಆಡ್ರೇ. ಆದ್ರೆ ಓಡ್ಕೊಂಡ್ ನಗ್ಬೇಕು!" ಎಂದು ಕೂಗಿದ್ದು ನನಗೂ ಕೇಳಿಸಿತು.

ಮುಂದಿನ ವರ್ಷದ ತಾಲ್ಲೂಕು ಪಂದ್ಯಾವಳಿಯ ಫೈನಲ್‌ಗೆ ನಮ್ಮವರು ಬಂದರು. ಎದುರಿಗೆ ಸಿದ್ದೇಶ್ ಅವರ ತಂಡವೇ. ವರ್ಷವಿಡೀ ಒಟ್ಟಿಗೆ ಮಂಡಕ್ಕಿ ತಿಂದ ಹುಡುಗಿಯರು ಆ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಒಂದು ಸಮವಿದ್ದಾಗ ನಮ್ಮ ಎಡಗಡೆಯ ಹುಡುಗಿಗೆ ಮೀನಖಂಡ ಹಿಡಿದುಕೊಂಡಿತು. ಬದಲಿಗೆ ಯಾರು? ನಯನ ದೀಪಿಕಳ ಹೆಸರು ಕೂಗಿದಳು. ಆ ಹುಡುಗಿ ಶನಿವಾರಗಳಲ್ಲಿ ಮಾಡಿದ್ದ ತಪ್ಪುಗಳಲ್ಲಿ ಅರ್ಧವನ್ನು ನಾನೇ ಕಣ್ಣಾರೆ ಕಂಡಿದ್ದೆ.

ಆದರೆ ಎಲ್ಲ ತಪ್ಪನ್ನೂ ಅಲ್ಲೇ ಮಾಡಿ ಮುಗಿಸಿದ್ದಳೋ ಏನೋ. ಎದುರಿನ ತಂಡದ ವೇಗದ ಹುಡುಗಿ ಎಡಕ್ಕೆ ವಾಲಿದಂತೆ ಮಾಡಿ ಬಲಕ್ಕೆ ನುಗ್ಗುವವಳೆಂದು ದೀಪಿಕಳಿಗೆ ಗೊತ್ತಿತ್ತು. ಶನಿವಾರಗಳಲ್ಲಿ ಎಷ್ಟೋ ಸಲ ಅದೇ ಆಟಕ್ಕೆ ಮೋಸಹೋಗಿದ್ದಳು. ಈ ಸಲ ಮೊದಲೇ ಬಲಕ್ಕೆ ಹೋಗಿ ನಿಂತಳು. ಚೆಂಡು ಸಿಕ್ಕಿತು. ಕೊನೆಯ ನಿಮಿಷಗಳಲ್ಲಿ ಹಾಗೆ ಸಿಕ್ಕ ಒಂದು ಚೆಂಡಿನಿಂದಲೇ ಮುಂದಿನವರು ಗೋಲು ಹೊಡೆದರು. ನಾನು ಕನ್ನಡಕ ತೆಗೆದು ಒರೆಸುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಶಾಲೆಗೆ ಕಪ್ಪು ಬಂತು. ಸರ್ಟಿಫಿಕೇಟನ್ನು ಮಂಚಮ್ಮ ಮೂರು ದಿನ ಸೆರಗಿನಲ್ಲೇ ಇಟ್ಟುಕೊಂಡು ಊರೆಲ್ಲ ತೋರಿಸಿದರು.

ಮಂಡ್ಯದಲ್ಲಿ ನಡೆದ ಜಿಲ್ಲಾ ಪಂದ್ಯಾವಳಿಯಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಮದ್ದೂರಿನ ಹುಡುಗಿಯರ ಕೈಯಲ್ಲಿ ಎರಡು ಒಂದರಿಂದ ಸೋತೆವು. ದೀಪಿಕ ಗೆರೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಹೇಳಲು ನಾನು ಎದ್ದೆ. ನಯನ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಅಳ್ಲಿ ಬುಡಿ ಸರ್. ಫ್ರೆಂಡ್ಲೀಲಿ ಸೋತ್ರೆ ಇಂಗೆ ಅಳು ಬರಲ್ಲ. ಇದೂ ಅವ್ಳಿಗೆ ಸಿಗ್ಲಿ."

ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ಮುಖದಲ್ಲಿ ತೃಪ್ತಿಯಿತ್ತು. ಅಷ್ಟರಲ್ಲಿ ಮದ್ದೂರಿನ ತಂಡದ ನಾಯಕಿ ನೀರಿನ ಬಾಟಲಿ ಹಿಡಿದು ದೀಪಿಕಳ ಪಕ್ಕ ಬಂದು ಕೂತಳು. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಐದು ನಿಮಿಷದ ಮೇಲೆ ಇಬ್ಬರೂ ನಯನಳ ಹತ್ತಿರ ಬಂದರು. "ಮೇಡಂ, ನೀವು ಶನಿವಾರ ಮ್ಯಾಚ್ ಆಡ್ತೀರಂತೆ. ನಮ್ಮೂರ್ಗೂ ಬನ್ನಿ" ಎಂದಳು ಆ ಹುಡುಗಿ.

ಈಗ ಶನಿವಾರಗಳಿಗೆ ಮೂರು ಊರು. ದೀಪಿಕ ಮಳವಳ್ಳಿಯಲ್ಲಿ ಪಿ.ಯು.ಸಿ. ಓದುತ್ತಿದ್ದಾಳೆ, ಆದರೂ ಆಡಲು ಬರುತ್ತಾಳೆ. ಸ್ನೇಹಪಂದ್ಯವಾದ್ದರಿಂದ ಬೇಡವೆನ್ನುವವರಿಲ್ಲ. ನನ್ನ ಸಿದ್ಧಾಂತ ಪೂರ್ತಿ ಬದಲಾಯಿತೆಂದು ಹೇಳಲಾರೆ. ಟೂರ್ನಿ ಟೂರ್ನಿಯೇ. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಉದಾಹರಣೆಯನ್ನು ಈಗ ಯಾರಿಗೂ ಹೇಳುತ್ತಿಲ್ಲ, ಶನಿವಾರ ಬೇರೆ ಕೆಲಸವನ್ನೂ ಇಟ್ಟುಕೊಳ್ಳುತ್ತಿಲ್ಲ.

ಗೆರೆ ಕಾಯಲು ಯಾರೂ ಸಿಗದೆ ನಯನ ಗಂಡನನ್ನೇ ಎಳೆತಂದಿದ್ದಾಳೆ. ವಾರವೆಲ್ಲ ಕರೆಂಟಿನ ಲೈನ್‌ಮ್ಯಾನ್, ಶನಿವಾರ ಫುಟ್‌ಬಾಲಿನ ಲೈನ್‌ಮ್ಯಾನ್ ಎಂದು ಮಕ್ಕಳು ಶಶಿಧರನನ್ನು ರೇಗಿಸುತ್ತಾರೆ. ಅವನು ಮಾತ್ರ ನಿಯಮಗಳನ್ನೆಲ್ಲ ಓದಿಕೊಂಡು ಬಂದು ಬಹಳ ಗಂಭೀರವಾಗಿ ನಿಲ್ಲುತ್ತಾನೆ. ಹೋದ ಶನಿವಾರ ಮದ್ದೂರಿನಲ್ಲಿ ನಮ್ಮ ಹುಡುಗಿಯೊಬ್ಬಳು ಹೊಡೆದ ಗೋಲಿಗೆ ಅವನು ಬಾವುಟ ಎತ್ತಿಬಿಟ್ಟ. ರೆಫರಿಯಾಗಿದ್ದ ನಯನ ಸೀಟಿ ಬಾಯಿಂದ ತೆಗೆದು ಅವನತ್ತ ನಡೆದಳು.

"ಏನ್ರೀ ಇದು? ಒಂದಡಿನೂ ಮುಂದಿರ್ನಿಲ್ಲ ಅವ್ಳು. ಫ್ರೆಂಡ್ಲಿ ಮ್ಯಾಚು, ಬುಡಿ ಅತ್ಲಾಗೆ."

"ಆಪ್‌ಸೈಡ್ ಅಂದ್ರೆ ಆಪ್‌ಸೈಡೇ ಕಣಮ್ಮಿ" ಎಂದ ಶಶಿಧರ, ಬಾವುಟ ಇಳಿಸದೆ.

ಎರಡೂ ತಂಡದ ಹುಡುಗಿಯರು ನೆರಳು ಹುಡುಕಿಕೊಂಡು ಹೋಗಿ ಕೂತರು. ಗಂಡ ಹೆಂಡತಿ ಬಿಸಿಲಲ್ಲೇ ನಿಂತು ಕಾಲಲ್ಲಿ ಗೆರೆ ಎಳೆದು ಎಳೆದು ವಾದಿಸುತ್ತಿದ್ದರು.