ನಕ್ಷೆಯಲ್ಲಿ ಬಿಳಿಯಾಗಿ ಉಳಿದ ಗುಡ್ಡ

ಕಾಶವ್ವನ ಅಪ್ಪ ಸಿದ್ದರಾಮಪ್ಪ ವಿಜಯಪುರದ ಕಡೆಯಿಂದ ಬಂದವನು. ಅಂಧೇರಿಯ ಒಂದು ಕಾರ್ಖಾನೆಯಲ್ಲಿ ಹದಿನೇಳು ವರ್ಷ ಲೇತ್ ಯಂತ್ರದ ಮುಂದೆ ನಿಂತಿದ್ದ. ಕಾಶವ್ವ ಹತ್ತನೆಯ ತರಗತಿಯಲ್ಲಿದ್ದಾಗ ಆ ಕಾರ್ಖಾನೆ ಗಡಿ ದಾಟಿ ಗುಜರಾತಿಗೆ ಹೋಯಿತು. ಅಲ್ಲಿ ತೆರಿಗೆ ಇಲ್ಲ, ಜಾಗ ಅಗ್ಗ ಎಂದರು. ಸಿದ್ದರಾಮಪ್ಪ ಒಮ್ಮೆ ರೈಲು ಹತ್ತಿ ಹೋಗಿ ನೋಡಿ ಬಂದ. ಅವನ ಯಂತ್ರ ಅಲ್ಲಿತ್ತು. ಅದರ ಮುಂದೆ ಬೇರೊಬ್ಬ ನಿಂತಿದ್ದ.

ಕಾಶವ್ವನ ಪಾಲಿಗೆ ಮುನಿಸಿಪಾಲಿಟಿಯ ಕನ್ನಡ ಶಾಲೆ ಅಲ್ಲಿಗೆ ಮುಗಿಯಿತು. ಬೊರಿವಲಿ ಪೂರ್ವದ ಗುಡ್ಡದ ಮೇಲಿನ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಕೂತು ಕಾಶವ್ವ ಇಪ್ಪತ್ತು ವರ್ಷ ನಕಲಿ ಒಡವೆಗಳಿಗೆ ಹರಳು ಅಂಟಿಸಿದಳು. ಕಣ್ಣು ಮಂಜಾದ ಮೇಲೆ ಮನೆಮನೆ ತಿರುಗುವ ಕೆಲಸ ಹಿಡಿದಳು. ಮೊದಲು ಪೋಲಿಯೊ ಹನಿ, ಆಮೇಲೆ ಮತದಾರರ ಪಟ್ಟಿ, ಕೊನೆಗೆ ಅಂಧೇರಿಯ ಒಂದು ಸಂಶೋಧನಾ ಸಂಸ್ಥೆಯ ಸಮೀಕ್ಷೆ. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬಾಗಿಲು ತೆರೆಸಬಲ್ಲವಳು ಎಂದು ಸಂಸ್ಥೆಯ ಮುಖ್ಯಸ್ಥ ದೇವಾನಂದನಿಗೆ ಅವಳ ಮೇಲೆ ಭರವಸೆ.

ಕಳೆದ ವರ್ಷ ಸರ್ಕಾರದ ಒಂದು ಸಮಿತಿ ಆ ಸಂಸ್ಥೆಗೆ ಕೆಲಸ ಒಪ್ಪಿಸಿತು. ನಗರದ ಯಾವ ಭಾಗದಲ್ಲಿ ಎಷ್ಟು ಉದ್ದಿಮೆ, ಎಷ್ಟು ಕೆಲಸಗಾರರು ಸೇರಿಕೊಂಡಿದ್ದಾರೆ, ಯಾವ ಭಾಗ ಖಾಲಿ ಎಂದು ಅಳೆದು ಕೊಡಬೇಕು. ಅದನ್ನು ನೋಡಿ, ಕೆಲಸಗಾರರು ಹೆಚ್ಚಿರುವ ಕಡೆ ಅವರಿಗಾಗಿ ಎರಡು ದವಾಖಾನೆ ತೆರೆಯುತ್ತಾರೆ. ಕಾಶವ್ವನ ಪಾಲಿಗೆ ಬಂದದ್ದು ಅವಳದೇ ಗುಡ್ಡ.

ಹದಿನೆಂಟು ದಿನ ಅವಳು ಆ ಮೆಟ್ಟಿಲುಗಳನ್ನು ಹತ್ತಿ ಇಳಿದಳು. ಖೋಲಿ ಖೋಲಿಯಲ್ಲೂ ಹೆಂಗಸರು ಕಿವಿಯೋಲೆಗೆ ಹರಳು ಕೂರಿಸುತ್ತಿದ್ದರು, ಸರಕ್ಕೆ ಕೊಂಡಿ ಬೆಸೆಯುತ್ತಿದ್ದರು. ಎಲ್ಲರ ಮಾಲೂ ಒಂದೇ ಕಂಪನಿಗೆ ಹೋಗುತ್ತಿತ್ತು. ಒಬ್ಬಳು, “ನಂದ್ಯಾತರ ಕೆಲಸ ಬಿಡಕ್ಕಾ, ಸುಮ್ನ ಟೈಮ್‌ಪಾಸ್,” ಎಂದಾಗ ಕಾಶವ್ವ ಪೆನ್ನು ಕೆಳಗಿಟ್ಟಳು.

“ದಿನಾ ಒಂಬತ್ತು ತಾಸು ಬೆನ್ನು ಬಗ್ಗಿಸಿ ಕುಂತು ಟೈಮ್‌ಪಾಸ್ ಮಾಡ್ತೀಯೇನ? ಕೆಲಸ ಅಂತ ಹೇಳು. ನಾ ಬರ್ಕೋತೀನಿ.”

ನಾನೂರ ಹನ್ನೆರಡು ಹೆಂಗಸರನ್ನು ಬರೆದುಕೊಂಡಳು. ತಪ್ಪಬಾರದೆಂದು ತನ್ನ ಪುಸ್ತಕದಲ್ಲೂ ಗಲ್ಲಿವಾರು ಹೆಸರು ಇಟ್ಟುಕೊಂಡಳು.

ತಿಂಗಳಾದ ಮೇಲೆ ಸಂಸ್ಥೆಯ ಕಚೇರಿಗೆ ಹೋದಾಗ ಗೋಡೆಯ ಮೇಲೆ ನಕ್ಷೆ ತೂಗುಹಾಕಿದ್ದರು. ಕೆಲಸ ಹೆಚ್ಚಿರುವಲ್ಲಿ ಕೆಂಪು, ಇಲ್ಲದಲ್ಲಿ ಬಿಳಿ. ಅಂಧೇರಿ ಕುಂಕುಮದಂತೆ ಕೆಂಪಾಗಿತ್ತು. ಅವಳ ಗುಡ್ಡ ಸುಣ್ಣ ಬಳಿದಂತೆ ಬಿಳಿ.

“ನನ್ನ ಫಾರ್ಮ್ ಕಳಕೊಂಡೀರೇನ?” ಎಂದು ಕೇಳಿದಳು.

ಲೆಕ್ಕ ಮಾಡಿದವನು ಸೃಜನ್. ಸಯನ್‌ನಲ್ಲಿ ಹುಟ್ಟಿದ ಉಡುಪಿ ಕಡೆಯ ಹುಡುಗ, ಅರ್ಥಶಾಸ್ತ್ರ ಓದಿದವನು. “ಇಲ್ಲ ಆಂಟಿ, ಎಲ್ಲ ಉಂಟು. ಆದ್ರೆ ರೂಲ್ ಹಾಗೆ. ಕಂಪನಿಯ ರಜಿಸ್ಟರ್ಡ್ ಆಫೀಸ್ ಎಲ್ಲಿ ಉಂಟೋ, ವರ್ಕರ್ಸ್ ಎಲ್ಲ ಅಲ್ಲಿಯೇ ಕೌಂಟ್ ಆಗ್ತಾರೆ. ಆ ಕಂಪನಿಯದ್ದು ಅಂಧೇರಿ ಅಡ್ರೆಸ್ ಅಲ್ವಾ?”

ಕಂಪನಿಯ ಆ ಕಚೇರಿಗೂ ಕಾಶವ್ವ ಹೋಗಿದ್ದಳು. ಎ.ಸಿ. ಕೋಣೆ, ಹನ್ನೊಂದು ಜನ. ಹೊರದೇಶದ ವ್ಯಾಪಾರಿಗಳು ವಿಮಾನದಿಂದ ಇಳಿದರೆ ಹತ್ತಿರವಾಗಲಿ ಎಂದು ಕಂಪನಿ ಅಲ್ಲಿ ಜಾಗ ಹಿಡಿದಿತ್ತು. ಮಾಲು ಮಾಡುವುದಕ್ಕೆ ಮಾತ್ರ ಅದಕ್ಕೆ ಜಾಗವೇ ಬೇಕಿರಲಿಲ್ಲ. ಹೆಂಗಸರ ಅಡುಗೆಮನೆ ಇತ್ತು, ಅವರದೇ ಕರೆಂಟು, ಅವರದೇ ಚಾಪೆ. ಇದು ಅವಳಿಗೆ ಈಗ ಹೊಳೆಯಿತು.

ದೇವಾನಂದ ಒಳಗಿಂದ ಬಂದ. “ಕಾಶವ್ವ, ನೀವು ತಲೆಬಿಸಿ ಮಾಡ್ಬೇಡಿ. ಎಲ್ಲ ಸಿಟಿಯಲ್ಲೂ ಹೀಗೆಯೇ ಅಳೆಯುವುದು. ಮುಂದಿನ ಸಲ ನೋಡುವ.”

“ಮುಂದಿನ ಸಲ ಅನ್ನೂದರಾಗ ದವಾಖಾನಿ ಎಲ್ಲಿ ಅಂತ ಠರಾವ್ ಆಗಿರ್ತೈತ್ರಿ.”

ಹಾಗೆಯೇ ಆಯಿತು. ಎರಡು ದವಾಖಾನೆಗಳೂ ಅಂಧೇರಿಗೆ ಹೋದವು. ಮೊದಲನೆಯದು ಮಳೆಗಾಲ ಮುಗಿಯುವಷ್ಟರಲ್ಲಿ ಬಾಡಿಗೆಯ ಮಹಡಿಯೊಂದರಲ್ಲಿ ತೆರೆದೂ ಬಿಟ್ಟಿತು.

ದಸರೆಗೆ ಮುಂಚೆ, ಕೆಲಸ ಮೈಮುರಿಯುವಷ್ಟಿದ್ದ ದಿನಗಳಲ್ಲಿ, ಕಾಶವ್ವನ ನಾದಿನಿ ಚಂದ್ರವ್ವನ ಕೈಮೇಲೆ ಬೆಸುಗೆಯ ಉರಿ ಹಾಯಿತು. ಮೊಣಕೈವರೆಗೆ ಚರ್ಮ ಎದ್ದಿತ್ತು. ಒದ್ದೆ ಬಟ್ಟೆ ಸುತ್ತಿ, ಮೆಟ್ಟಿಲು ಇಳಿಸಿ, ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಆ ಕೈಗೆ ಯಾರೂ ತಾಗದಂತೆ ಅಡ್ಡ ನಿಂತು, ಕಾಶವ್ವ ಅವಳನ್ನು ಕೆಲಸಗಾರರಿಗೆಂದೇ ತೆರೆದಿದ್ದ ಅಂಧೇರಿಯ ಹೊಸ ದವಾಖಾನೆಗೆ ಕರೆದೊಯ್ದಳು.

ಕೌಂಟರಿನವಳು ಆಧಾರ್ ನೋಡಿ ಹಿಂದಿಯಲ್ಲಿ ಹೇಳಿದಳು: ಇದು ಈ ಭಾಗದ ಕೆಲಸಗಾರರಿಗೆ ಮಾತ್ರ. ಬೊರಿವಲಿಯವರಿಗೆ ಇಲ್ಲ. ಕಂಪನಿಯ ಕಾರ್ಡ್ ಇದ್ದರೆ ತನ್ನಿ.

“ನಿಮ್ಮ ಕಾಗದದಾಗ ಈಕಿ ಇಲ್ಲೇ ಕೆಲಸ ಮಾಡ್ತಾಳ!” ಸಿಟ್ಟಿನಲ್ಲಿ ಕಾಶವ್ವನಿಗೆ ಹಿಂದಿ ಮರೆತೇ ಹೋಗಿತ್ತು. “ಎಣಿಸಾಕ ಬೇಕು, ಮುಲಾಮು ಹಚ್ಚಾಕ ಬ್ಯಾಡೇನ?”

ಕೊನೆಗೆ ಖಾಸಗಿ ಡಾಕ್ಟರೊಬ್ಬರು ಪಟ್ಟಿ ಕಟ್ಟಿದರು. ಚಂದ್ರವ್ವನ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ನಕ್ಷೆ ಸಮಿತಿಗೆ ಮೊದಲೇ ಮುಟ್ಟಿತ್ತು; ಮರುವಾರ ಸಮಿತಿಯವರ ಮುಂದೆ ಪೂರ್ತಿ ವರದಿಯ ಮಂಡನೆ ಇತ್ತು. ಕಾಶವ್ವ ನಲವತ್ತು ಹೆಂಗಸರನ್ನು ಹೊರಡಿಸಿಕೊಂಡು ಬಂದು ಹಿಂದಿನ ಸಾಲುಗಳಲ್ಲಿ ಕೂರಿಸಿದಳು. ಪರದೆಯ ಮೇಲೆ ನಕ್ಷೆ ಮೂಡಿದ್ದೇ ತಡ, ಎದ್ದು ನಿಂತಳು.

“ಅಲ್ಲಿ ಮ್ಯಾಲೆ ಬಿಳಿ ಐತಲ್ರೀ, ನಾವು ಅಲ್ಲಿಂದ ಬಂದೀವಿ. ಯಾರೂ ಇಲ್ಲ ಅಂತ ತೋರ್ಸೀರಿ. ನೋಡ್ರಿ, ಅದೀವಿ.” ಪುಸ್ತಕ ತೆರೆದು ಹೆಸರು ಓದತೊಡಗಿದಳು. ಕೂಗಿದ ಹಾಗೆಲ್ಲ ಒಬ್ಬೊಬ್ಬಳೇ ಎದ್ದು ನಿಂತಳು.

ದೇವಾನಂದ ವೇದಿಕೆಯಿಂದ ಇಳಿದು ಬಂದು ಪಿಸುಗುಟ್ಟಿದ, “ನನ್ನ ಮರ್ಯಾದೆ ತೆಗೀತೀರಾ? ಕೂತ್ಕೊಳ್ಳಿ.”

“ನಿಮ್ಮ ಮರ್ಯಾದಿ ನನ್ನ ಫಾರ್ಮಿನಾಗ ಇತ್ರೀ. ನೀವ ಅಳಿಸೀರಿ. ಸೃಜನ್, ನೀ ಹೇಳಪಾ. ಸುಳ್ಳ ಹೇಳಬ್ಯಾಡ.”

ಸೃಜನ್ ಮೈಕಿನ ಮುಂದೆ ಬೆವರುತ್ತಿದ್ದ. ದೇವಾನಂದನ ಮುಖವನ್ನೊಮ್ಮೆ ನೋಡಿದ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿ ಇನ್ನೊಂದು ನಕ್ಷೆ ತೆರೆದ. ಕೈ ಎಲ್ಲಿ ದುಡಿಯುತ್ತದೋ ಅಲ್ಲಿಯೇ ಎಣಿಸಿದ ನಕ್ಷೆ. ಅವನು ಅದನ್ನು ಮೊದಲೇ ಮಾಡಿ ಇಟ್ಟಿದ್ದ, ತೋರಿಸಿರಲಿಲ್ಲ. ಅದರಲ್ಲಿ ಗುಡ್ಡ ಕೆಂಪಾಗಿತ್ತು. ಕಾಶವ್ವನಿಗೆ ಅದನ್ನು ಕಂಡು ಸಂತೋಷವಾಗಲಿಲ್ಲ. ಇಷ್ಟು ದಿನ ಇದು ಇವನ ಪೆಟ್ಟಿಗೆಯೊಳಗೇ ಇತ್ತಲ್ಲ ಎಂದು ಸಿಟ್ಟು ಬಂತು.

ಸಮಿತಿಯ ಅಧಿಕಾರಿ ತಲೆಯಾಡಿಸಿ, ಗುಡ್ಡಕ್ಕೂ ದವಾಖಾನೆಯ ಏರ್ಪಾಡು ಮಾಡುವುದಾಗಿ ಮಾತು ಕೊಟ್ಟ. ಎರಡು ತಿಂಗಳಿಗೆ ಮಾತು ಬಂದು ಮುಟ್ಟಿತು: ಗುರುವಾರ ಗುರುವಾರ ಗುಡ್ಡದ ಬುಡಕ್ಕೆ ಒಂದು ದವಾಖಾನೆ ವ್ಯಾನು, ಎರಡು ತಾಸು. ಎರಡನೆಯ ನಕ್ಷೆ ವರದಿಯ ಕೊನೆಯ ಪುಟಗಳಲ್ಲೆಲ್ಲೋ ಸೇರಿತು. ಕಾಶವ್ವನಿಗೆ ಸಂಸ್ಥೆಯಿಂದ ಮತ್ತೆ ಕರೆ ಬರಲಿಲ್ಲ.

ವ್ಯಾನಿನ ಡಾಕ್ಟರನ್ನು ಅವಳು ಮೊದಲ ದಿನವೇ ಕೇಳಿದಳು, “ನಾವು ಗುರುವಾರಕ್ಕೊಮ್ಮೆ ಸುಟ್ಕೋಬೇಕೇನ್ರೀ?”

ಈಗ ಅವಳು ಆ ನಾನೂರ ಹನ್ನೆರಡು ಹೆಂಗಸರನ್ನು ಒಬ್ಬೊಬ್ಬರಾಗಿ ಕಾರ್ಮಿಕ ಕಚೇರಿಯಲ್ಲಿ ನೋಂದಾಯಿಸುತ್ತಿದ್ದಾಳೆ. ಮೊದಲ ಅರ್ಜಿ ಚಂದ್ರವ್ವನದು. ಕೆಲಸದ ಜಾಗ ಎಂಬಲ್ಲಿ ಕಾಶವ್ವ ಗುಡ್ಡದ ಖೋಲಿಯ ನಂಬರು ಬರೆದಿದ್ದಳು. ಗುಮಾಸ್ತ ಅದನ್ನು ಹೊಡೆದುಹಾಕಿ ಅಂಧೇರಿ ಎಂದು ತಿದ್ದಿದ. ಅವಳು ಆ ಅರ್ಜಿಯನ್ನು ಅವನೆದುರಿಗೇ ಹರಿದು ಇನ್ನೊಂದು ಕೇಳಿದಳು. ಅದನ್ನೂ ತಿದ್ದಿದ. ಅದನ್ನೂ ಹರಿದಳು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಬೈಯುತ್ತಿದ್ದರು. ಅವಳು ಕದಲಲಿಲ್ಲ. ಮೂರನೆಯದರ ಮೇಲೆ ಗುಮಾಸ್ತ ಅವಳ ಮುಖ ನೋಡಿ, ಏನೂ ತಿದ್ದದೆ, ಮೊಹರು ಒತ್ತಿದ.