ರಂಗೋಲಿಯಿಂದ ಮಾತ್ರೆಯನ್ನು ಅಳೆದದ್ದು

ನನ್ನ ಹೆಂಡತಿಗೆ ಅಲ್ಜೈಮರ್ ಎಂದು ವೈದ್ಯರು ಹೇಳಿದ ದಿನದಿಂದ, ನಮ್ಮ ಸರಸ್ವತಿಪುರಂ ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳಿ ಹೋದರು. ಒಂದೆಲಗದ ರಸ, ಬೆಳಗಿನ ನಡಿಗೆ, ಪದಬಂಧ. ವರ್ಷಗಟ್ಟಲೆ ಪದಬಂಧ ಬಿಡಿಸಿ, ಕುಕ್ಕರಹಳ್ಳಿ ಕೆರೆ ಸುತ್ತಿದವಳಿಗೇ ಈ ರೋಗ ಬಂದಿತ್ತು; ಅವರ ಮಾತನ್ನು ನಾನು ನಂಬಲಿಲ್ಲ. ಹೊಸದಾಗಿ ಬಂದಿರುವ ಡ್ರಿಪ್ ಔಷಧಿಯನ್ನು ಕೇಳಿದೆ. ಅದು ಆರಂಭದ ಹಂತದವರಿಗೆ, ಇವರು ಅದನ್ನು ದಾಟಿದ್ದಾರೆ ಎಂದರು ವೈದ್ಯರು. ಉಳಿದದ್ದು ಒಂದು ಮಾತ್ರೆ. ಅದು ರೋಗವನ್ನು ನಿಲ್ಲಿಸುವುದಿಲ್ಲ, ಕೆಲವರಿಗೆ ಕೆಲಕಾಲ ನೆರವಾಗಬಹುದು ಎಂದರು.

ಕೆಲವರಿಗೆ ಎಂದರೆ ಯಾರಿಗೆ? ಎಸ್ಸೆಸ್ಸೆಲ್ಸಿ ದಾಟದ ನಾನು ನಿಘಂಟು ಪಕ್ಕಕ್ಕಿಟ್ಟುಕೊಂಡು ವೈದ್ಯಕೀಯ ಲೇಖನಗಳನ್ನು ಓದಿದೆ. ಅಲ್ಲಿನ ರೋಗಿಗಳಾರೂ ನನ್ನ ಹೆಂಡತಿಯಾಗಿರಲಿಲ್ಲ. ಅವಳನ್ನು ಅಳೆಯಲು ನಾನೇ ಒಂದು ಕ್ರಮ ಕಂಡುಕೊಂಡೆ. ಪ್ರತಿ ಬೆಳಿಗ್ಗೆ ಅವಳು ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುತ್ತಿದ್ದಳು. ನಾನು ಕಾಫಿ ಮುಗಿಸಿ ಹೊರಬಂದು, ಎಷ್ಟು ಎಳೆ ತಪ್ಪಿದೆಯೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮಾತ್ರೆ ಆರಂಭಿಸಿದ್ದು ದಸರೆಯಲ್ಲಿ. ದೀಪಾವಳಿಯ ಹೊತ್ತಿಗೆ ತಪ್ಪುಗಳೇ ಇಲ್ಲವಾದವು.

ಅಷ್ಟರಲ್ಲಿ ಅವಳ ಊಟ ಕುಗ್ಗಿತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹಸಿವು ಹೋಗಿರುವುದು ಮಾತ್ರೆಯಿಂದ ಇರಬಹುದು, ನಿಲ್ಲಿಸಿ ನೋಡೋಣ ಎಂದರು ವೈದ್ಯರು. ನಿಲ್ಲಿಸಿದಾಗ ಕೆಲವರ ನೆನಪು ಇನ್ನಷ್ಟು ಇಳಿದು, ಮತ್ತೆ ಚೇತರಿಸಿಕೊಳ್ಳದೆಯೂ ಹೋಗಬಹುದೆಂದು ಅವರೇ ಎಚ್ಚರಿಸಿದರು. ನಾನು ನೋಟ್‌ಬುಕ್ ತೋರಿಸಿ, ವಾದಿಸಿ, ಮಾತ್ರೆಯನ್ನು ಉಳಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಹಾಲು ಬಾರದೆ, ಕಾಫಿ ಕುಡಿಯದೆಯೇ ಬೇಗ ಹೊರಬಂದೆ. ಮನೆಗೆಲಸಕ್ಕೆ ಬರುವಾಕೆ ಬಗ್ಗಿ ರಂಗೋಲಿಯ ಎಳೆಗಳನ್ನು ಕೂಡಿಸುತ್ತಿದ್ದಳು. ನನ್ನ ಹೆಂಡತಿ ಪಕ್ಕದಲ್ಲಿ ಪುಡಿಯ ಬಟ್ಟಲು ಹಿಡಿದು ನಿಂತಿದ್ದಳು. ಇದು ಯಾವಾಗಿನಿಂದ ಎಂದು ಕೇಳಿದೆ.

"ದೀಪಾವಳಿಯಿಂದ ಸಾ. ಅಮ್ಮಾವ್ರು ಅರ್ಧಕ್ಕೇ ಬುಟ್ಬುಟ್ಟು ನಿಂತ್ಕೊಳೋರು. ಅರೆಬರೆ ರಂಗೋಲಿ ಬಾಗ್ಲಲ್ಲಿ ಬುಡಬಾರ್ದು ಕಣ್ ಸಾ, ಮನೆಗೆ ಒಳ್ಳೇದಲ್ಲ. ನಾನೇ ಸೇರಿಸ್ಬುಡ್ತಿದ್ದೆ."

ನಾನು ಅಳೆಯುತ್ತಿದ್ದೆನೆಂದು ಆಕೆಗೆ ಹೇಳಿರಲಿಲ್ಲ. ಊರಿನವರ ಮಾತನ್ನೆಲ್ಲ ಅನುಮಾನಿಸಿದ ನಾನು ನನ್ನ ನೋಟ್‌ಬುಕ್ಕನ್ನು ಮಾತ್ರ ಅನುಮಾನಿಸಿರಲಿಲ್ಲ. ನಾಳೆಯಿಂದ ಮುಟ್ಟಬೇಡ, ಇದ್ದದ್ದು ಇದ್ದಂತೆಯೇ ನೋಡಬೇಕು ಎಂದೆ.

"ನೋಡಿ ಏನ್ಮಾಡೀರಿ ಸಾ?" ಎಂದಳು ಆಕೆ.

ವೈದ್ಯರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಹಾಗಾದರೆ ನಿಲ್ಲಿಸೋಣವೇ ಎಂದು ಕೇಳಿದರು. ಸಂಜೆ ತಿಳಿಸುತ್ತೇನೆ ಎಂದೆ. ಆ ಸಂಜೆ ಕಳೆದು ಇಂದಿಗೆ ಹನ್ನೊಂದು ದಿನ. ಊಟದ ಹೊತ್ತಿಗೆ ಅವಳು ಮಾತ್ರೆಗಾಗಿ ಅಂಗೈ ಚಾಚುತ್ತಾಳೆ. ಕೊಡುತ್ತೇನೆ. ಅನ್ನ ತಟ್ಟೆಯಲ್ಲಿ ಹಾಗೆಯೇ ಉಳಿಯುತ್ತದೆ.