ಮಾವಶಿ ಹಿಡಿದ ನೇಮ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೋದವರು, ಇಂಥ ಮಾತು ಶುರುವಾದರೆ ಎದ್ದು ಹೋಗುವವನು ನಾನು. ಸಾಂಗ್ಲಿಯ ಮರಾಠಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ಯಾರಾದರೂ ಅಂಥ ಕಥೆ ಹೇಳಿದರೆ, ಆ ದಿನ ಹೊಟ್ಟೆ ಸರಿಯಿತ್ತೋ ಇಲ್ಲವೋ ಎಂದು ಕೇಳಿ ಚೇಷ್ಟೆ ಮಾಡುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಳೆಗಾಲ. ಸಾಂಗ್ಲಿವಾಡಿಯ ನಮ್ಮ ಮನೆಯಲ್ಲಿ ಪೇಪರು ಓದುತ್ತಿದ್ದೆ. ಇದ್ದಕ್ಕಿದ್ದಂತೆ ಎಡಗಣ್ಣಿನ ಮುಂದೆ ಪರದೆ ಇಳಿದ ಹಾಗೆ ಕತ್ತಲಾಯಿತು. ಐದು ನಿಮಿಷದಲ್ಲಿ ಸರಿಹೋಯಿತು. ನಾನು ಸುಮ್ಮನಿರುತ್ತಿದ್ದೆ, ನನ್ನ ಹೆಂಡತಿ ವಿಮಲಾ ಬಿಡಲಿಲ್ಲ. ಮಿರಜದ ಡಾಕ್ಟರು ಪರೀಕ್ಷೆ ಮಾಡಿಸಿದರು. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಎಡಗಡೆಯ ನಾಳ ಬಹಳ ಕಿರಿದಾಗಿದೆ, ತೊಡೆಯ ಸಂದಿಯಿಂದ ತಂತಿ ಹಾಯಿಸಿ ಅಲ್ಲೊಂದು ಸ್ಟೆಂಟ್ ಕೂರಿಸಬೇಕು, ತಡ ಮಾಡುವಂತಿಲ್ಲ ಎಂದರು. ಮರುದಿನ ಸೋಮವಾರ ಆಸ್ಪತ್ರೆಗೆ ಸೇರಿದೆ. ಮಂಗಳವಾರ ಬೆಳಿಗ್ಗೆ ಕೆಲಸ. ಬಂಧುಬಳಗದಲ್ಲಿ ಯಾರಿಗೂ ತಿಳಿಸಲಿಲ್ಲ.

ಸೋಮವಾರ ಮಧ್ಯಾಹ್ನ ಬಂದ ಚಿಕ್ಕ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ರಕ್ತ ತೆಳುವಾಗಿಸುವ ನಾಲ್ಕು ಗುಳಿಗೆಗಳನ್ನು ಸಂಜೆ ಒಟ್ಟಿಗೆ ನುಂಗಬೇಕು. ನುಂಗದಿದ್ದರೆ ಸ್ಟೆಂಟಿನ ಮೇಲೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಏರಬಹುದು. ಮಾತು ಹೋಗಬಹುದು, ಬಲಗೈ ಹೋಗಬಹುದು, ಜೀವವೇ ಹೋಗಬಹುದು. ನಾನು ಜಾಣ ವಿದ್ಯಾರ್ಥಿಯಂತೆ ತಲೆಯಾಡಿಸಿದೆ.

ಆದರೆ ಸಿಸ್ಟರ್ ಗುಳಿಗೆ ತಂದಾಗ ಹೊತ್ತು ಮುಳುಗಿತ್ತು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಏನೂ ಬಾಯಿಗೆ ಹಾಕಬಾರದು, ನೀರೂ ಕೂಡ. ಈ ನೇಮವನ್ನು ನಾನು ಕಾಯಂ ಆಗಿ ಹಿಡಿದದ್ದು ಅವ್ವ ತೀರಿಕೊಂಡ ವರ್ಷ. ದೇವರ ಮೇಲಿನ ಭಕ್ತಿಯಿಂದಲ್ಲ, ಅವ್ವನ ಮೇಲಿನ ಪ್ರೀತಿಯಿಂದ. ಒಂದು ಸಂಜೆಯೂ ತಪ್ಪಿರಲಿಲ್ಲ. ನಾಳೆ ಏನಾಗುತ್ತದೋ ಗೊತ್ತಿಲ್ಲದ ದಿನವೇ ಅದನ್ನು ಮುರಿಯಲು ನನಗೆ ಮನಸ್ಸು ಬರಲಿಲ್ಲ. ಸಿಸ್ಟರನ್ನು ಯಾರೋ ಕೂಗಿದರು, ಆಕೆ ಅತ್ತ ಹೋದಳು. ನಾನು ನಾಲ್ಕೂ ಗುಳಿಗೆಗಳನ್ನು ಟವೆಲಿನ ಮಡಿಕೆಯಲ್ಲಿ ಬಚ್ಚಿಟ್ಟೆ. ಬೆಳಿಗ್ಗೆ ಸೂರ್ಯ ಹುಟ್ಟಿದ ಕೂಡಲೇ ನುಂಗಿದರಾಯಿತು, ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ ಎಂಬ ಲೆಕ್ಕಾಚಾರ. ವಿಜ್ಞಾನದ ಮಾಸ್ತರನ ಬುದ್ಧಿ ನೋಡಿ!

ವಿಮಲಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದಳು. ಅವಳಿಗೂ ಹೇಳಲಿಲ್ಲ. ಎಡಗೈಗೆ ಸೂಜಿ ಚುಚ್ಚಿ ಬಿಳಿ ಪಟ್ಟಿ ಸುತ್ತಿದ್ದರು. ಅದನ್ನೇ ನೋಡುತ್ತ ಮಲಗಿದ್ದಾಗ ಮಿರಜದ ಹತ್ತಿರದ ಬೇಡಗ ಎಂಬ ಹಳ್ಳಿ ನೆನಪಾಯಿತು.

ಬೇಡಗದಲ್ಲಿ ಅವ್ವನ ತಂಗಿ, ನನ್ನ ಮಾವಶಿಯ ಮನೆ. ಶಾಲೆಗೆ ಸೂಟಿ ಬಿದ್ದರೆ ನನ್ನನ್ನು ಮಾವಶಿಯ ಹತ್ತಿರ ಬಿಟ್ಟುಬರುತ್ತಿದ್ದರು. ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಮರಾಠಿ, ಮಾವಶಿಯ ಅಡುಗೆಮನೆಯಲ್ಲಿ ಮಾತ್ರ ಬರೀ ಕನ್ನಡ. ಅರಿಸಿನ ಬೇಯಿಸುವ ದಿನಗಳಲ್ಲಿ ಅವಳ ಸೆರಗಿಗೆಲ್ಲ ಅದೇ ವಾಸನೆ. ಒಮ್ಮೆ ಅಲ್ಲಿ ನನಗೆ ವಿಷಮಜ್ವರ ಬಂತು. ರಾತ್ರಿಯೂ ಔಷಧ ಕೊಡಬೇಕಿತ್ತು. ದೊಡ್ಡವರ ಹಾಗೆ ನಾನೂ ಆ ವರ್ಷದ ಚಾತುರ್ಮಾಸಕ್ಕೆ ರಾತ್ರಿ ಏನೂ ಬಾಯಿಗೆ ಹಾಕದ ನೇಮ ಹಿಡಿದಿದ್ದೆ, ಬಾಯಿ ತೆರೆಯಲೊಲ್ಲೆ ಎಂದು ಹಟ ಹಿಡಿದೆ. ಮಾವಶಿ ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನ ನೇಮಾ ನಾ ಹಿಡದೇನಿ ತಮ್ಮಾ, ನೀ ಔಷಧ ತಗೋ" ಎಂದಳು. ಮರುದಿನ ಮಧ್ಯಾಹ್ನದವರೆಗೆ ಅವಳು ನೀರು ಮುಟ್ಟಲಿಲ್ಲ. ಇನ್ನೊಬ್ಬರ ನೇಮ ಹಿಡಿದವರು ಹಾಗೆ ಇರಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ನಾನರಿಯೆ.

ಇದನ್ನೆಲ್ಲ ನೆನೆಯುತ್ತಿದ್ದೆ, ನಿದ್ದೆ ಬಂದಿರಲಿಲ್ಲ. ಆಗ ನನಗೆ ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ತುಂಬಿದ ಬಸ್ಸಿನಲ್ಲಿ ಕುಳಿತವರು ನಿಂತವರ ಚೀಲವನ್ನು ಇಸಿದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಯಾರೋ ನನ್ನ ಭಾರ ಇಸಿದುಕೊಂಡರು ಅನ್ನಿಸಿತು. ನೇಮ ಈಗ ನನ್ನ ಹತ್ತಿರ ಇಲ್ಲ ಎಂಬುದು ಖಚಿತವಾಗಿತ್ತು. ಟವೆಲು ಬಿಚ್ಚಿ ನಾಲ್ಕೂ ಗುಳಿಗೆ ನುಂಗಿ ನೀರು ಕುಡಿದೆ. ವಿಮಲಾ ಬೆರಗಾಗಿ ನೋಡಿದಳು. ಮನಸ್ಸಿನಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

ಮರುದಿನ ಎಚ್ಚರದಲ್ಲಿಟ್ಟೇ ಕೆಲಸ ಮಾಡಿದರು. ಬಲಗೈಯಲ್ಲಿ ಒತ್ತಿದರೆ ಕೀ ಎನ್ನುವ ರಬ್ಬರಿನ ಬಾತುಕೋಳಿ ಕೊಟ್ಟಿದ್ದರು. ಡಾಕ್ಟರು ಹೇಳಿದಾಗಲೆಲ್ಲ ಒತ್ತಬೇಕು, ಹೆಸರು ಹೇಳಬೇಕು. ಮಿದುಳು ಸರಿಯಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ. ನಾಳವನ್ನು ಹಿಗ್ಗಿಸಿದಾಗ ಎದೆ ಒಮ್ಮೆ ಕುಸಿದಂತಾಯಿತು, ಆದರೂ ಬಾತುಕೋಳಿ ಕೂಗಿತು. ಆ ಕೂಗಿಗೆ ನನಗೆ ಅಳುವೇ ಬಂತು. ಆಮೇಲೆ ಕಾಲು ಮಡಚದೆ ಅಂಗಾತ ಮಲಗಿದ್ದೆ. ವಿಮಲಾ ಚಮಚದಲ್ಲಿ ಗಂಜಿ ಕುಡಿಸುತ್ತ, ನನ್ನ ಮಾತು ತೊದಲುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹಳೆಯ ವಿದ್ಯಾರ್ಥಿಗಳ ಹೆಸರು ಹೇಳಿಸುತ್ತಿದ್ದಳು. ಮೂರನೆಯ ದಿನ ಸೇತುವೆ ದಾಟಿ ಮನೆಗೆ ಬರುವಾಗ ಎರಡೂ ಕಣ್ಣಿನಿಂದ ಕೃಷ್ಣೆಯನ್ನು ನೋಡಿದೆ.

ಮೂರು ವಾರದ ನಂತರ ಬೇಡಗಕ್ಕೆ ಹೋದೆವು. ಎಂಬತ್ತು ದಾಟಿದ ಮಾವಶಿ ಹೊಸ್ತಿಲ ಹತ್ತಿರ ಕುಳಿತು ಬೇಳೆ ಆರಿಸುತ್ತಿದ್ದಳು. ನನ್ನನ್ನು ನೋಡಿ, "ಬಾ ತಮ್ಮಾ, ಇವತ್ತರ ಒಳಗ ಬರತಿ ಇಲ್ಲೋ? ಅವತ್ತ ಹೊಸ್ತಿಲಾ ಸೈತ ದಾಟಲಿಲ್ಲ" ಎಂದಳು.

"ಯಾವತ್ತ ಮಾವಶಿ?"

"ಮರತೇನು? ಸಂಜಿಮುಂದ ದೀಪಾ ಹಚ್ಚಾಕತ್ತಿದ್ನಿ. ಬಾಗಲದಾಗ ನಿಂತಿ. 'ಮಾವಶಿ, ಇವತ್ತೊಂದಿನ ನನ್ನ ನೇಮಾ ನೀ ಹಿಡಿ' ಅಂದಿ. ಹೂಂ ಅಂದ್ನಿ. ಕೈಗೆ ಬಿಳೀ ಪಟ್ಟಿ ಇತ್ತಲ್ಲ, ಏನಾಗಿತ್ತು? ಕೇಳೂದ್ರಾಗ ನಡದ ಬಿಟ್ಟಿ."

ನನ್ನ ಕೈಯಲ್ಲಿ ಆಗ ಪಟ್ಟಿಯ ಗುರುತೂ ಉಳಿದಿರಲಿಲ್ಲ. ಮಾವಶಿಯ ಸೊಸೆ ಸುಜಾತಾ ಒಳಗಿನಿಂದ ಬಂದು, "ನಾ ಯಾರ್ನೂ ನೋಡಲಿಲ್ರಿ ದಾದಾ. ಖರೇ, ಮರದಿನಾ ಮಧ್ಯಾನದತನಾ ಇವರು ಒಂದ ಹನಿ ನೀರ ಮುಟ್ಟಲಿಲ್ಲ. ನಾ ತವರಮನಿಗೆ ಹೊಂಟಿದ್ನಿ, ಮೂರ ವಾರದ ಹಿಂದಿನ ಮಂಗಳವಾರ. ಇವರು ಹಿಂಗ ಕುಂತಾರಂತ ಹೋಗೂದನ್ನೂ ಬಿಟ್ನಿ" ಎಂದಳು. ನನಗೆ ಸ್ಟೆಂಟ್ ಕೂರಿಸಿದ ಮಂಗಳವಾರವೇ ಅದು.

ಹಿಂದಿರುಗುವ ದಾರಿಯಲ್ಲಿ ವಿಮಲಾ, "ಕೈಯಾಗ ಸೂಜಿ ಇತ್ತು, ನಾ ಬಾಗಲದಾಗ ಕುಂತಿದ್ನಿ. ನೀವು ಎಲ್ಲಿ ಹೋಕ್ಕೀರಿ?" ಎಂದು ಕೇಳಿದಳು. ಬಹಳ ಯೋಚಿಸಿದ್ದೇನೆ. ವಯಸ್ಸಾದವರ ನೆನಪು ಕಲಸಿಹೋಗುತ್ತದೆ, ನನ್ನ ಬಾಲ್ಯದ ಜ್ವರವನ್ನೇ ಮಾವಶಿ ಮೊನ್ನೆಯದು ಎಂದುಕೊಂಡಿರಬಹುದು. ಆದರೆ ಅದೇ ಸೋಮವಾರ ಹೇಗೆ? ಆ ಪಟ್ಟಿ ಹೇಗೆ? ಇಷ್ಟು ವರ್ಷ ಮಕ್ಕಳಿಗೆ ಕಾರಣ ಹುಡುಕುವುದನ್ನು ಕಲಿಸಿದ ನನಗೆ ಇದಕ್ಕೆ ಕಾರಣ ಸಿಕ್ಕಿಲ್ಲ.

ಮಾವಶಿ ಈಗ ಬಹಳ ಸೊರಗಿದ್ದಾಳೆ. ಹೋದಾಗಲೆಲ್ಲ ನನ್ನ ಕೈ ಹಿಡಿದು ಸವರಿ, ನೋವು ಹೋಯಿತೇ ಎಂದು ಕೇಳುತ್ತಾಳೆ. ಆ ಸಂಜೆ ನಾನು ಬಂದಿರಲಿಲ್ಲ ಎಂದು ಹೇಳಿಬಿಡಬೇಕು ಅಂದುಕೊಳ್ಳುತ್ತೇನೆ. ಪ್ರತಿಸಲವೂ ನೋವು ಹೋಯಿತು ಎಂದಷ್ಟೇ ಹೇಳುತ್ತೇನೆ, ಯಾಕೆಂದರೆ ಬಂದಿರಲಿಲ್ಲ ಎಂದು ಆಣೆ ಮಾಡಿ ಹೇಳಲು ಈಗ ನನ್ನಿಂದಲೂ ಆಗುತ್ತಿಲ್ಲ.